ಅರ್ಧ ಗಂಟೆ ಸರಿ, ಯಾವ ಅರ್ಧ ಗಂಟೆ?

1975ರ ದೀಪಾವಳಿ ರಜೆಯಲ್ಲಿ ರಾಯಚೂರು ಜಿಲ್ಲೆಯ ನಮ್ಮ ಹಳ್ಳಿಗೆ ಹೋದಾಗ, ಸಂಜೆ ಶಾಲೆಯ ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸಿದ ‘ಸೈಟ್’ ಪ್ರಯೋಗದ ದಿನಗಳವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದು ವರ್ಷ ನಡೆದ ಆ ಪ್ರಯೋಗದಲ್ಲಿ ಬೆಳಗಿನ ಪ್ರಸಾರ ಶಾಲಾ ಮಕ್ಕಳಿಗೆ, ಸಂಜೆಯದು ಹೊಲದಿಂದ ಮರಳಿದ ದೊಡ್ಡವರಿಗೆ ಮೀಸಲಾಗಿತ್ತು. ಆಕಾಶವಾಣಿಯ ಕೃಷಿರಂಗವೂ ಮುಸ್ಸಂಜೆಗೇ ಬರುತ್ತಿತ್ತು. ಏನು ಹೇಳಬೇಕೆಂಬುದರಷ್ಟೇ, ಕೇಳುವವರಿಗೆ ಯಾವಾಗ ಬಿಡುವು ಎಂಬುದೂ ಮುಖ್ಯವೆಂದು ಅಂದಿನವರು ಅರಿತಿದ್ದರು.

ಆ ಅರಿವು ಈಗ ಜಾಹೀರಾತುದಾರರ ಪಾಲಾಗಿದೆ. ಕೇಬಲ್ ಟಿ.ವಿ. ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಸಲ್ಲದು. ಪೂರೈಕೆಯ ಮಿತಿ ಎಲ್ಲ ಗಂಟೆಗಳಿಗೂ ಒಂದೇ. ಬೇಡಿಕೆ ಮಾತ್ರ ರಾತ್ರಿಯ ಊಟದ ಹೊತ್ತಿಗೆ ಏರುತ್ತದೆ. ಆದ್ದರಿಂದಲೇ ರಾತ್ರಿ ಎಂಟರ ಹತ್ತು ಸೆಕೆಂಡುಗಳು ಮಧ್ಯಾಹ್ನ ಮೂರರ ಹತ್ತು ಸೆಕೆಂಡುಗಳಿಗಿಂತ ದುಬಾರಿ.

ಸರ್ಕಾರದ ನಿಯಮ ಈ ಸತ್ಯವನ್ನು ಅರ್ಧ ಮಾತ್ರ ಒಪ್ಪಿದೆ. 2022ರ ನವೆಂಬರ್‌ನ ಮಾರ್ಗಸೂಚಿಯು, ಕೆಲವು ವರ್ಗಗಳನ್ನು ಬಿಟ್ಟು ಉಳಿದ ಖಾಸಗಿ ವಾಹಿನಿಗಳು ದಿನಕ್ಕೆ 30 ನಿಮಿಷ ಕೃಷಿ, ಆರೋಗ್ಯ, ಶಿಕ್ಷಣದಂಥ ಸಾರ್ವಜನಿಕ ಹಿತದ ವಿಷಯಗಳನ್ನು ಪ್ರಸಾರ ಮಾಡಬೇಕೆಂದಿತು. ಅದನ್ನು ಬಿಡಿಬಿಡಿಯಾಗಿ ಹಂಚಬಹುದು, ಆದರೆ ಮಧ್ಯರಾತ್ರಿ 12ರಿಂದ ಬೆಳಗಿನ 6ರವರೆಗಿನ ಪ್ರಸಾರ ಲೆಕ್ಕಕ್ಕಿಲ್ಲ ಎಂದು 2023ರ ಜನವರಿಯ ಸೂಚನೆ ಸ್ಪಷ್ಟಪಡಿಸಿತು. ಒಳ್ಳೆಯದೇ. ಆದರೆ ಉಳಿದ 18 ಗಂಟೆಗಳು ಪರಸ್ಪರ ಸಮಾನವೇ? ಹೊಲದಲ್ಲೋ ಗಾರ್ಮೆಂಟ್ಸ್‌ನಲ್ಲೋ ದುಡಿಯುವವರಿಗೆ ಹಗಲು ಮೂರರ ಆರೋಗ್ಯ ಸಲಹೆ ಇದ್ದೂ ಇಲ್ಲದಂತೆ.

ನಾನು ಕಂದಾಯ ಇಲಾಖೆಯಲ್ಲಿ ದುಡಿದವನು. ಅಲ್ಲಿ ಎಲ್ಲ ಎಕರೆಗಳೂ ಒಂದೇ ಅಲ್ಲ. ತರಿ, ಖುಷ್ಕಿ, ಬಾಗಾಯ್ತಿಗೆ ಬೇರೆ ಬೇರೆ ದರ. ನಿಮಿಷಗಳಿಗೂ ಹಾಗೆಯೇ ದರ್ಜೆ ನಿಗದಿಯಾಗಲಿ. ಸಂಜೆ ಏಳರಿಂದ ಹತ್ತರವರೆಗಿನ ಒಂದು ನಿಮಿಷವನ್ನು ಎರಡೆಂದೂ ಮಧ್ಯಾಹ್ನದ್ದನ್ನು ಅರ್ಧವೆಂದೂ ಎಣಿಸಲಿ. ಆಗ ಸಂಜೆಯ ಹದಿನೈದೇ ನಿಮಿಷಗಳಲ್ಲಿ ವಾಹಿನಿಯ ಹೊಣೆ ತೀರುತ್ತದೆ, ಹೇಳಿದ್ದೂ ತಲುಪುತ್ತದೆ.

ಇದರಿಂದ ವಾಹಿನಿಗಳಿಗೆ ವರಮಾನ ನಷ್ಟವಾಗುವುದು ನಿಜ. ಆದರೆ ತರಂಗಾಂತರ ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಸ್ವತ್ತನ್ನು ಬಳಸುವವರು ಬಾಡಿಗೆಯ ರೂಪದಲ್ಲಿ ಒಂದಿಷ್ಟು ಒಳ್ಳೆಯ ಹೊತ್ತನ್ನು ಕೊಡಬೇಕೆಂಬುದು ಅತಿಯಾಸೆಯಲ್ಲ. ಮೊಬೈಲ್‌ನಲ್ಲಿ ಬೇಕಾದಾಗ ನೋಡಬಹುದಲ್ಲ ಎನ್ನುವವರೂ ಇದ್ದಾರೆ. ಏನನ್ನು ಹುಡುಕಬೇಕೆಂದು ತಿಳಿದವರಿಗೆ ಅದು ಸಾಕು. ತಿಳಿಯದವರ ಮನೆಗೂ ಹೋಗಿ ಹೇಳುವುದೇ ಪ್ರಸಾರದ ಹೆಚ್ಚುಗಾರಿಕೆ.

ಬೀಗ ಹಾಕಿದ ಬಾಗಿಲಿಗೆ ನೋಟಿಸ್ ಅಂಟಿಸಿ ‘ಜಾರಿಯಾಗಿದೆ’ ಎಂದು ಷರಾ ಬರೆದು ತಂದ ಕಡತಗಳಿಗೆ ನಾನೂ ಸಹಿ ಹಾಕಿದ್ದೇನೆ. ಕಾನೂನಿನ ಪ್ರಕಾರ ಅದು ಸರಿ. ಆದರೆ ಮನೆಯೊಡೆಯನಿಗೆ ವಿಷಯ ತಿಳಿದಿತ್ತೇ ಎಂಬ ಪ್ರಶ್ನೆ ನಿವೃತ್ತಿಯ ನಂತರವೂ ನನ್ನನ್ನು ಬಿಟ್ಟಿಲ್ಲ.