ಟಯರ್ ಕೊಳ್ಳುವಾಗ ನಿಮ್ಮ ಕಣ್ಣೂ ಇರಲಿ

ಅಕ್ಕಿ ಕೊಳ್ಳುವಾಗ ನೀವು ಒಂದು ಹಿಡಿ ಅಂಗೈಗೆ ಹಾಕಿಕೊಂಡು ನೋಡುತ್ತೀರಿ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುತ್ತೀರಿ. ಮಕ್ಕಳ ಚಪ್ಪಲಿಯ ಹೊಲಿಗೆ ಎಳೆದು ನೋಡದೆ ಹಣ ಕೊಡುವವರಲ್ಲ ನೀವು. ಆದರೆ ಮನೆಮಂದಿಯನ್ನೆಲ್ಲಾ ಹೊತ್ತು ಘಾಟಿ ಹತ್ತುವ ವ್ಯಾನಿಗೆ ಟಯರ್ ಕೊಳ್ಳುವ ದಿನ ಮಾತ್ರ 'ಅದು ಗಂಡಸರ ವಿಷಯ' ಎಂದು ಸುಮ್ಮನಾಗುತ್ತೀರಿ. ನಾನೂ ಹಾಗೆಯೇ ಸುಮ್ಮನಾಗಿದ್ದೆ.

ನಮ್ಮದು ಹಳೆಯ ಮಾರುತಿ ಓಮ್ನಿ. 1984ರಲ್ಲಿ ರಸ್ತೆಗಿಳಿದು 2019ರಲ್ಲಿ ತಯಾರಿಕೆ ನಿಂತುಹೋದ ಈ ವ್ಯಾನು ಇಂದಿಗೂ ಎಷ್ಟೋ ಮನೆಗಳ ಅಂಗಳದಲ್ಲಿದೆ. ರಜೆ ಬಂತೆಂದರೆ ನಮ್ಮ ಓಮ್ನಿಯೇ ಒಂದು ಪುಟ್ಟ ಮನೆ. ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿದರೆ ಮಕ್ಕಳ ಮಲಗುವ ಕೋಣೆ. ಒಂದು ಸಣ್ಣ ಸ್ಟವ್, ಎರಡು ಪಾತ್ರೆ, ನೀರಿನ ಕ್ಯಾನು, ಚಾಪೆ. ಪರದೇಶಗಳಲ್ಲಿ ಇಂಥದ್ದಕ್ಕೆ ಕ್ಯಾಂಪರ್ ವ್ಯಾನ್ ಎನ್ನುತ್ತಾರೆ. ಜರ್ಮನಿಯಲ್ಲಿ 1951ರಲ್ಲೇ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಮಂಚ, ಕಪಾಟು ಕೂಡಿಸಿ ಮಾರುತ್ತಿದ್ದರು. ನಮ್ಮದು ಬಡವರ ಕ್ಯಾಂಪರ್, ಅಷ್ಟೆ.

ಕಡಲ ಬದಿಯ ಉಪ್ಪುಗಾಳಿಗೆ ನಮ್ಮ ವ್ಯಾನಿನ ಡಿಸ್ಕುಗಳು ತುಕ್ಕು ಹಿಡಿದು ಗಾಳಿ ನಿಲ್ಲದಂತಾದವು. ಗುಜರಿಯಿಂದ ನಾಲ್ಕು ಡಿಸ್ಕು ತಂದದ್ದಾಯಿತು. ಅವಕ್ಕೆ ಹೊಸ ಟಯರ್ ಹಾಕಿಸಲು ಹೋದಾಗ ಅಂಗಡಿಯವರು ಒಂದು ಟಯರ್ ತೋರಿಸಿ, 'ಇದೂ ಹನ್ನೆರಡು ಇಂಚೇ, ವ್ಯಾನಿನ ಟಯರಿಗಿಂತ ಅಗ್ಗ' ಎಂದರು. ಸರಿಯಾಗಿಯೇ ಕುಳಿತಿತು. ಉಳಿದ ಹಣದಲ್ಲಿ ಮಕ್ಕಳಿಗೆ ರೈನ್‌ಕೋಟ್ ಬಂತು. ನನಗೂ ಖುಷಿಯಾಗಿತ್ತು.

ಐದು ತಿಂಗಳ ಬಳಿಕ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಚಹಾಕ್ಕೆಂದು ನಿಂತೆವು. ಪಕ್ಕದ ಪಂಕ್ಚರ್ ಅಂಗಡಿಯ ಮುದುಕರೊಬ್ಬರು ನಮ್ಮ ಹಿಂದಿನ ಚಕ್ರವನ್ನೇ ನೋಡುತ್ತಾ ಬಂದರು. 'ಸಾಹೇಬ್ರೆ, ಇದು ಕಾರಿನ ಟಯರ್ ಅಲ್ವಾ? ವ್ಯಾನಿಗೆ ಯಾರು ಹಾಕಿದ್ರು?' ಎಂದು ಕೇಳಿದರು. ಬಗ್ಗಿ ನೋಡಿದರೆ ಟಯರಿನ ಪಕ್ಕೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗುಬುಟು. ಯಾವುದೋ ಗುಂಡಿಗೆ ಬಿದ್ದಾಗ ಒಳಗಿನ ನೂಲು ಕಡಿದಿತ್ತು. ಇನ್ನೊಂದು ತಿರುವಿನಲ್ಲಿ ಒಡೆಯಬಹುದಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಹಿಂದೆ ಹಾಸಿಗೆಯ ಮೇಲೆ ಮೂವರು ಮಕ್ಕಳು ನಿದ್ದೆ ಹೋಗಿದ್ದರು.

ಅಂದು ಅವರು ನನಗೂ ಕಲಿಸಿದರು, ನನ್ನ ಯಜಮಾನರಿಗೂ ಕಲಿಸಿದರು. ಅನಂತರ ನಾನೇ ಕೇಳಿ, ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ನಿಮ್ಮ ಮುಂದಿಡುತ್ತಿದ್ದೇನೆ.

ಟಯರಿನ ಮೈಮೇಲಿನ ಅಕ್ಷರ ಓದಿ

ಟಯರಿನ ಪಕ್ಕೆಯ ಮೇಲೆ ಅದರ ಜಾತಕವೇ ಇದೆ. ಓಮ್ನಿಗೆ ಬೇಕಾದದ್ದು '145 ಆರ್ 12 ಎಲ್‌ಟಿ'. 145 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 'ಆರ್' ಎಂದರೆ ರೇಡಿಯಲ್. 12 ಎಂದರೆ ಡಿಸ್ಕಿನ ಅಡ್ಡಳತೆ, ಇಂಚಿನಲ್ಲಿ. 'ಎಲ್‌ಟಿ' ಎಂದರೆ ಹೊರೆ ಹೊರುವ ಸಣ್ಣ ವಾಹನಕ್ಕೆಂದು ಮಾಡಿದ್ದು. ನಮಗೆ ಅಂಟಿಸಿದ್ದು ಸಣ್ಣ ಕಾರಿನ '145/80 ಆರ್ 12'. ಅಗಲ ಅದೇ, ಇಂಚು ಅದೇ, ನೋಡಲಿಕ್ಕೂ ಅವಳಿ ಮಕ್ಕಳಂತೆ. ಆದರೆ 'ಎಲ್‌ಟಿ' ಎಂಬ ಎರಡಕ್ಷರ ಇರಲಿಲ್ಲ.

ಆ ಎರಡಕ್ಷರದ ಬೆಲೆ ತಿಳಿಯಬೇಕಾದರೆ ಅಳತೆಯ ಪಕ್ಕದಲ್ಲಿರುವ ಇನ್ನೊಂದು ಸಂಖ್ಯೆ ನೋಡಬೇಕು. ಅದು ಹೊರೆಯ ಸೂಚಿ. ಅದು ಕಿಲೋ ಅಲ್ಲ, ಒಂದು ಗುರುತು. 74 ಎಂದಿದ್ದರೆ ಆ ಟಯರು 375 ಕಿಲೋ ಹೊರಬಲ್ಲದು. 80 ಎಂದಿದ್ದರೆ 450 ಕಿಲೋ. 86 ಎಂದಿದ್ದರೆ 530 ಕಿಲೋ. ಕಾರಿನ ಆ ಟಯರಿನ ಮೇಲೆ 74 ಎಂದಿತ್ತು. ವ್ಯಾನಿನ ಟಯರು 6 ಪಿ.ಆರ್. ಆದರೆ 80ರ ಮಟ್ಟದ್ದು, 8 ಪಿ.ಆರ್. ಆದರೆ 86ರ ಮಟ್ಟದ್ದು. ಅಂದರೆ ಪ್ರತಿ ಟಯರಿಗೆ ಕಡಿಮೆಯೆಂದರೂ 75 ಕಿಲೋ, ಒಬ್ಬ ದೊಡ್ಡ ಮನುಷ್ಯನ ಭಾರದ ವ್ಯತ್ಯಾಸ. ಪಿ.ಆರ್. ಎನ್ನುವುದು ಹಿಂದೆ ಒಳಗಿನ ನೂಲಿನ ಪದರಗಳ ಲೆಕ್ಕವಾಗಿತ್ತು. ಈಗ ಅದು ಬಲದ ಅಳತೆ ಮಾತ್ರ.

ವ್ಯಾನಿನ ಟಯರಿನಲ್ಲಿ ಕೆಲವೊಮ್ಮೆ '86/84' ಎಂದು ಎರಡು ಸಂಖ್ಯೆಗಳಿರುತ್ತವೆ. ಒಂದು ಬದಿಗೆ ಒಂದೇ ಚಕ್ರವಿದ್ದರೆ ಮೊದಲನೆಯದನ್ನು ನೋಡಿ. ಜೋಡಿ ಚಕ್ರಕ್ಕೆ ಎರಡನೆಯದು. ಕೊನೆಯಲ್ಲಿರುವ ಅಕ್ಷರ ವೇಗದ ಮಿತಿ. 'ಎನ್' ಎಂದರೆ ಗಂಟೆಗೆ 140 ಕಿಲೋಮೀಟರ್. ನಮಗೆ ಅಷ್ಟು ವೇಗ ಬೇಕಾಗಿಲ್ಲ, ಹೊರೆಯ ಕಡೆಗೇ ಗಮನವಿರಲಿ.

ಯುರೋಪಿನಲ್ಲಿ ದೊಡ್ಡ ಕ್ಯಾಂಪರ್ ವ್ಯಾನುಗಳಿಗೆಂದೇ 'ಸಿಪಿ' ಎಂಬ ಗುರುತಿನ ಟಯರುಗಳಿವೆ. ಮಂಚ, ಅಡುಗೆಮನೆ, ನೀರಿನ ಟಾಕಿ ಹೊತ್ತು ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲುವ ಬಂಡಿಗೆ ಬಲವಾದ ಪಕ್ಕೆ ಬೇಕೆಂಬುದು ಅಲ್ಲಿಯವರ ಅನುಭವ. ವ್ಯಾನು ಯಾವ ದೇಶದ್ದಾದರೂ ಪಾಠ ಒಂದೇ.

ಹೊರೆಯ ಲೆಕ್ಕ ನಿಮ್ಮ ಕೈಯಲ್ಲಿದೆ

ಪ್ರವಾಸಕ್ಕೆ ಸಾಮಾನು ಕಟ್ಟುವವರು ಯಾರು? ನಾವೇ ಅಲ್ಲವೇ? ಒಂದು ಲೀಟರ್ ನೀರು ಒಂದು ಕಿಲೋ. 20 ಲೀಟರಿನ ಮೂರು ಕ್ಯಾನು ಇಟ್ಟರೆ ಒಬ್ಬ ದೊಡ್ಡವರನ್ನು ಹೆಚ್ಚು ಕೂರಿಸಿದಂತೆ. ಬಿರಿಯಾನಿಯ ಪಾತ್ರೆ, ಅಕ್ಕಿಮೂಟೆ, ಹಾಸಿಗೆ ಎಲ್ಲವೂ ಹಿಂದೆಯೇ ಕೂರುತ್ತವೆ. ಆದ್ದರಿಂದ ಒಟ್ಟು ಭಾರವನ್ನು ನಾಲ್ಕರಿಂದ ಭಾಗಿಸಿ 'ಸಾಕಾಗುತ್ತದೆ' ಎನ್ನಬೇಡಿ. ಹಿಂದಿನ ಎರಡು ಟಯರುಗಳಿಗೆ ಪಾಲು ಹೆಚ್ಚು. ವಾಹನದ ನೋಂದಣಿ ಪತ್ರದಲ್ಲಿ ಹೊರೆಸಹಿತ ಎಷ್ಟು ತೂಕ ಎಂದು ಬರೆದಿರುತ್ತದೆ. ಅದನ್ನು ಮೀರದಂತೆ ಸಾಮಾನು ಕಟ್ಟಿ. ಮೇಲಿನ ಕ್ಯಾರಿಯರಿಗೆ ಹಗುರವಾದದ್ದು, ಕೆಳಗೆ ಭಾರವಾದದ್ದು.

ಡಿಸ್ಕು ನೋಡಿ, ಆಮೇಲೆ ಟಯರು

ಬದಲಿ ಡಿಸ್ಕು ಕೊಳ್ಳುವಾಗ ಇಂಚು ಸರಿಯಿದ್ದರೆ ಸಾಲದು. ಬೋಲ್ಟಿನ ತೂತುಗಳ ಸಂಖ್ಯೆ, ಅವುಗಳ ನಡುವಿನ ಅಂತರ, ನಡುವಿನ ದೊಡ್ಡ ತೂತು, ಡಿಸ್ಕಿನ ಅಗಲ ಎಲ್ಲವೂ ಹೊಂದಬೇಕು. ನಾಲ್ಕು ತೂತಿನ ಡಿಸ್ಕುಗಳಲ್ಲೇ ತೂತುಗಳ ವೃತ್ತ ಕೆಲವದರಲ್ಲಿ 100 ಮಿಲಿಮೀಟರ್, ಕೆಲವದರಲ್ಲಿ 114.3 ಇರುತ್ತದೆ. ಹಳೆಯದನ್ನು ಜೊತೆಗೇ ಒಯ್ದು ಹೋಲಿಸಿ ನೋಡುವುದು ಸುಲಭದ ದಾರಿ.

ಗುಜರಿ ಡಿಸ್ಕಾದರೆ ನಾಲ್ಕು ಪರೀಕ್ಷೆ ಮಾಡಿ. ಬೆಸುಗೆ ಹಾಕಿದ ಗುರುತಿದ್ದರೆ ಬೇಡ. ಬೋಲ್ಟಿನ ತೂತು ಉದ್ದುದ್ದಕ್ಕೆ ಸವೆದಿದ್ದರೆ ಬೇಡ. ತಿರುಗಿಸಿದಾಗ ಅಂಚು ತೂಗಾಡಿದರೆ ಬೇಡ. ಟಯರು ಕೂರುವ ಅಂಚಿನಲ್ಲಿ ತುಕ್ಕು ತಿಂದ ಗುಳಿಗಳಿದ್ದರೂ ಬೇಡ, ಅಲ್ಲಿಂದಲೇ ಗಾಳಿ ಸೋರುತ್ತದೆ. ಮೇಲೆ ಬೆಳ್ಳಿ ಬಣ್ಣ ಹೊಡೆದು ಹೊಳೆಯುವಂತೆ ಮಾಡಿದ್ದನ್ನು ಉಗುರಿನಿಂದ ಕೆರೆದು ನೋಡಿ.

ಗಾಳಿ ಸೋರುವ ಡಿಸ್ಕಿಗೆ ಟ್ಯೂಬ್‌ಲೆಸ್ ಟಯರ್ ಹಾಕಿ ಒಳಗೊಂದು ಟ್ಯೂಬು ತುರುಕುವವರಿದ್ದಾರೆ. ಒಳಗೆ ಉಜ್ಜಿ ಬಿಸಿಯಾಗುವ ಆ ಟ್ಯೂಬನ್ನು ದೂರದ ಪ್ರಯಾಣಕ್ಕೆ ನಂಬಬೇಡಿ. ಹಾಗೆಯೇ ನೋಡಲಿಕ್ಕೆ ಚೆನ್ನಾಗಿರುತ್ತದೆಂದು ದೊಡ್ಡ ಚಕ್ರ ಹಾಕಿಸುವ ಆಸೆಯೂ ಬೇಡ. ನೋಂದಣಿಯಲ್ಲಿರುವ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ.

ಅಗ್ಗ ಯಾವುದು, ಮೋಸ ಯಾವುದು

ಅಗ್ಗದ ಟಯರೆಲ್ಲಾ ಕೆಟ್ಟದ್ದಲ್ಲ. ಒಂದೇ ಅಳತೆ, ಒಂದೇ ಹೊರೆಸೂಚಿಯ ಟಯರನ್ನು ಮೂರು ಅಂಗಡಿಗಳಲ್ಲಿ ಕೇಳಿ ನೋಡಿ. ಬೇರೆ ಬೇರೆ ಕಂಪೆನಿಗಳ ಬೆಲೆಯಲ್ಲಿ ವ್ಯತ್ಯಾಸ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟಯರಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಬಿಲ್ಲು ಕೇಳಿ ಪಡೆಯಿರಿ. ತೊಂದರೆ ಬಂದರೆ ವಾರಂಟಿ ಕೇಳಲು ಅದೇ ಆಧಾರ.

ಐಎಸ್‌ಐ ಗುರುತು ಇದೆಯೇ ನೋಡಿ. ವಾಹನದ ಟಯರುಗಳಿಗೆ ಅದನ್ನು ಕಡ್ಡಾಯಗೊಳಿಸಿ ಕೇಂದ್ರ ಸರಕಾರ 2009ರಲ್ಲಿ ಆದೇಶ ಹೊರಡಿಸಿತು. ಅನಂತರ ಹುಟ್ಟಿದ ದಿನ ನೋಡಿ. ಪಕ್ಕೆಯಲ್ಲಿ 'ಡಾಟ್' ಸಾಲಿನ ಕೊನೆಗೆ ನಾಲ್ಕು ಅಂಕೆಗಳಿರುತ್ತವೆ. '3225' ಎಂದಿದ್ದರೆ 2025ರ 32ನೇ ವಾರದಲ್ಲಿ ತಯಾರಾದದ್ದು. ಗೋದಾಮಿನಲ್ಲಿ ಮೂರು ನಾಲ್ಕು ವರ್ಷ ಕುಳಿತ ಟಯರನ್ನು ರಿಯಾಯಿತಿ ಎಂದು ಕೊಟ್ಟರೆ ಆ ಅಂಕೆ ತೋರಿಸಿ ಮಾತಾಡಿ. ಔಷಧಿಯ ತಾರೀಕು ನೋಡುವ ನಮಗೆ ಇದು ಕಷ್ಟವೇನಲ್ಲ.

ರೀಸೋಲ್ ಮಾಡಿದ ಟಯರ್, ಯಾರೋ ಬಿಟ್ಟ ಹಳೆಯ ಟಯರ್ ಕುಟುಂಬದ ವ್ಯಾನಿಗೆ ಬೇಡ. ಒಮ್ಮೆಲೇ ನಾಲ್ಕು ಕೊಳ್ಳಲು ಹಣವಿಲ್ಲದಿದ್ದರೆ ಒಂದೊಂದಾಗಿ ಕೊಳ್ಳುವ ಬದಲು ಎರಡೆರಡಾಗಿ ಕೊಳ್ಳಿ. ಒಂದೇ ಆಕ್ಸಲಿಗೆ ಒಂದೇ ಬಗೆಯ ಜೋಡಿ ಇರಲಿ. ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಿ. ಎಲ್ಲರೂ ಮುಂದಕ್ಕೆ ಎನ್ನುತ್ತಾರೆ. ಆದರೆ ಮಳೆಯಲ್ಲಿ ಮುಂದಿನದು ಜಾರಿದರೆ ಚಾಲಕನಿಗೆ ಸ್ಟಿಯರಿಂಗಿನಲ್ಲಿ ತಿಳಿಯುತ್ತದೆ, ಹಿಂದಿನದು ಜಾರಿದರೆ ಬಂಡಿಯೇ ತಿರುಗಿಬಿಡುತ್ತದೆ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ

ಡಿಸ್ಕಿನ ಅಂಚನ್ನು ತಂತಿ ಬ್ರಷ್‌ನಿಂದ ಉಜ್ಜಿಸಿ. ಗಾಳಿಯ ವಾಲ್ವು ಹೊಸದು ಹಾಕಿಸಿ, ಅದರ ಖರ್ಚು ಅಲ್ಪ. ಟಯರು ಕೂರಿಸಲು ಸೋಪಿನ ನೀರು ಅಥವಾ ಅದಕ್ಕೆಂದೇ ಇರುವ ಪೇಸ್ಟ್ ಸಾಕು, ಗ್ರೀಸು ಹಚ್ಚಿಸಬೇಡಿ. ಪಕ್ಕೆಯಲ್ಲಿ ಬಾಣದ ಗುರುತಿದ್ದರೆ ಅದು ಚಕ್ರ ಉರುಳುವ ದಿಕ್ಕಿಗೇ ಇರಬೇಕು. ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಮಾಡಿಸಿ. ಇಲ್ಲಿ ಉಳಿಸಿದ ಹಣವನ್ನು ಟಯರು ಒಂದೇ ಬದಿಗೆ ಸವೆದು ಬಡ್ಡಿಸಮೇತ ವಸೂಲು ಮಾಡುತ್ತದೆ.

ನಟ್ಟುಗಳನ್ನು ಸುತ್ತುಸಾಲಾಗಿ ಬಿಗಿಯಬಾರದು, ಎದುರುಬದುರಾಗಿ ಬಿಗಿಯಬೇಕು. ಪಾನದ ಮೇಲೆ ಹತ್ತಿ ಕುಣಿದು ಬಿಗಿಯುವುದು ಬೋಲ್ಟಿಗೆ ಕೇಡು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ. ಹೊಸ ಡಿಸ್ಕು ಕೂರುವಾಗ ನಟ್ಟು ಸ್ವಲ್ಪ ಸಡಿಲಾಗುವುದುಂಟು. ಅಲಾಯ್ ಚಕ್ರವಾದರೆ ಅದಕ್ಕೆ ಹೊಂದುವ ನಟ್ಟನ್ನೇ ಕೇಳಿ ಪಡೆಯಿರಿ.

ಆಮೇಲಿನ ಜೋಪಾನ

ನಮ್ಮಂಥವರ ವ್ಯಾನಿನ ಟಯರು ಓಡಿ ಸವೆಯುವುದಕ್ಕಿಂತ ನಿಂತು ಹಳತಾಗುವುದೇ ಹೆಚ್ಚು. ಬಟನ್ ಇನ್ನೂ ಇದೆಯೆಂದು ನಂಬಬೇಡಿ. ಪಕ್ಕೆಯಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ ರಬ್ಬರು ಒಣಗಿದೆಯೆಂದು ಅರ್ಥ. ಐದು ವರ್ಷ ಕಳೆದ ಟಯರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ. ಹತ್ತು ವರ್ಷ ದಾಟಿದ್ದು ಹೊಸದರಂತೆ ಕಂಡರೂ ಬೇಡ. ಸ್ಟೆಪ್ನಿಗೂ ಇದೇ ಮಾತು.

ಬಟನ್‌ನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಅಂಥ ಟಯರಿನಲ್ಲಿ ವ್ಯಾನು ಓಡಿಸುವುದು ಕಾನೂನಿಗೆ ವಿರುದ್ಧ. ತೋಡಿನ ನಡುವೆ ಸಣ್ಣ ದಿಣ್ಣೆಗಳಿರುತ್ತವೆ. ಬಟನ್ ಸವೆದು ಆ ದಿಣ್ಣೆಗೆ ಸಮವಾಯಿತೆಂದರೆ ಟಯರಿನ ಆಯುಸ್ಸು ಮುಗಿಯಿತು. ಕರಾವಳಿ, ಮಲೆನಾಡಿನ ಮಳೆಗೆ ಅಷ್ಟರವರೆಗೆ ಕಾಯುವುದೂ ಬೇಡ, 3 ಮಿಲಿಮೀಟರಿಗೇ ಬದಲಾಯಿಸುವ ಯೋಚನೆ ಮಾಡಿ. ನೀರು ಹರಿದುಹೋಗಲು ತೋಡಿಲ್ಲದಿದ್ದರೆ ಟಯರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ.

ಗಾಳಿಯನ್ನು ಬೆಳಿಗ್ಗೆ, ಚಕ್ರ ತಣ್ಣಗಿರುವಾಗ ನೋಡಿಸಿ. ಹೊರೆಯಿದ್ದಾಗ ಎಷ್ಟು, ಇಲ್ಲದಾಗ ಎಷ್ಟು ಎಂಬುದು ವಾಹನದ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಗಾಳಿ ಕಡಿಮೆಯಾದ ಟಯರಿನ ಪಕ್ಕೆ ಮಡಚಿ ಮಡಚಿ ಬಿಸಿಯಾಗುತ್ತದೆ. ದಾರಿಯಲ್ಲಿ ಟಯರು ಒಡೆಯಲು ಅದು ದೊಡ್ಡ ಕಾರಣ.

ಕೊಟ್ಟಿಗೆಹಾರದಲ್ಲಿ ನಾವು ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ಮುಂದೆ ಹೋದೆವು. ಊರಿಗೆ ಬಂದ ವಾರವೇ ಎಲ್‌ಟಿ ಟಯರು ಎರಡು, ಮರುತಿಂಗಳು ಇನ್ನೆರಡು ಹಾಕಿಸಿದೆವು. ಮೊದಲು ಅಗ್ಗಕ್ಕೆಂದು ಕೊಟ್ಟ ಹಣ ಪೂರ್ತಿ ನಷ್ಟ. ಎರಡನೆಯ ಸಲ ಅಂಗಡಿಗೆ ನಾನೂ ಹೋಗಿದ್ದೆ. ಬಗ್ಗಿ ಅಕ್ಷರ ಓದುತ್ತಿದ್ದ ನನ್ನನ್ನು ಕಂಡು ಕೆಲಸದ ಹುಡುಗ ನಕ್ಕ. ನಗಲಿ ಬಿಡಿ.

ಸಹೋದರಿಯರೇ, ಮುಂದಿನ ರಜೆಗೆ ಹೊರಡುವ ಮುನ್ನ ಒಂದು ಸಂಜೆ ಅಂಗಳಕ್ಕಿಳಿದು ನಿಮ್ಮ ವ್ಯಾನಿನ ಐದೂ ಟಯರುಗಳ ಅಕ್ಷರ ಓದಿ, ಒಂದು ಚೀಟಿಯಲ್ಲಿ ಬರೆದಿಡಿ. ಹತ್ತು ನಿಮಿಷದ ಕೆಲಸ. ಹಿಂದಿನ ಹಾಸಿಗೆಯಲ್ಲಿ ನಿದ್ದೆ ಹೋಗುವ ಮಕ್ಕಳಿಗಾಗಿ ಅಷ್ಟು ಮಾಡಲಾರೆವೇ?