ಇಲಿಸಿಯಂ: ಮೀನಿನ ಗಾಳ, ಮಸಾಲೆಯ ಮರ

ಜೀವಶಾಸ್ತ್ರದಲ್ಲಿ ಇಲಿಸಿಯಂ ಎಂಬ ಪದಕ್ಕೆ ಎರಡು ಬಳಕೆಗಳಿವೆ. ಆಂಗ್ಲರ್ ಮೀನಿನ ತಲೆಯ ಮೇಲೆ ಚಾಚಿಕೊಂಡಿರುವ ಗಾಳಕ್ಕೂ ಅದೇ ಹೆಸರು, ಪಲಾವಿಗೆ ಹಾಕುವ ಚಕ್ರಮೊಗ್ಗಿನ ಕುಲಕ್ಕೂ ಅದೇ ಹೆಸರು. ಎರಡರ ಬಗ್ಗೆಯೂ ತಪ್ಪು ತಿಳಿವಳಿಕೆ ಸಾಕಷ್ಟಿದೆ.

ತಪ್ಪು ಕಲ್ಪನೆ: ಹೆಸರು ಒಂದೇ ಆದ್ದರಿಂದ ಎರಡಕ್ಕೂ ನಂಟಿದೆ.
ಸತ್ಯ: ಜೈವಿಕ ನಂಟು ಯಾವುದೂ ಇಲ್ಲ. ಲ್ಯಾಟಿನ್‌ನಲ್ಲಿ ಈ ಪದದ ಮೂಲಾರ್ಥ ಸೆಳೆಯುವುದು, ಆಮಿಷವೊಡ್ಡುವುದು. ಮೀನು ಬೇಟೆಯನ್ನು ಸೆಳೆಯುತ್ತದೆ. ಸಸ್ಯವಿಜ್ಞಾನಿ ಲಿನೇಯಸ್ 1759ರಲ್ಲಿ ಹೆಸರಿಟ್ಟ ಸಸ್ಯಕುಲ ಪರಿಮಳದಿಂದ ಸೆಳೆಯುತ್ತದೆ.

ತಪ್ಪು ಕಲ್ಪನೆ: ಇಲಿಸಿಯಂ ಎಂದರೆ ಎಲ್ಲ ಆಂಗ್ಲರ್ ಮೀನುಗಳಿಗೂ ಇರುವ ಹೊಳೆಯುವ ದೀಪ.
ಸತ್ಯ: ಇಲಿಸಿಯಂ ಗಾಳದ ಕೋಲು ಮಾತ್ರ. ಬೆನ್ನಿನ ಈಜುರೆಕ್ಕೆಯ ಮೊದಲ ಮುಳ್ಳು ಮೂತಿಯತ್ತ ಸರಿದು ಈ ರೂಪ ಪಡೆದಿದೆ. ಅದರ ತುದಿಯಲ್ಲಿರುವ ಮಾಂಸಲ ಆಮಿಷದ ಹೆಸರು ಎಸ್ಕಾ. ಆಳಕಡಲಿನ ಹೆಚ್ಚಿನ ಪ್ರಭೇದಗಳಲ್ಲಿ ಎಸ್ಕಾದೊಳಗೆ ನೆಲೆಸಿದ ಬ್ಯಾಕ್ಟೀರಿಯಾಗಳು ಬೆಳಕು ಬೀರುತ್ತವೆ. ಅಲ್ಲಿಯೂ ಗಾಳ ಹೆಣ್ಣಿಗಷ್ಟೇ. ಪುಟ್ಟ ಗಾತ್ರದ ಗಂಡಿಗೆ ಅದಿಲ್ಲ. ಹವಳದ ದಿಬ್ಬಗಳಲ್ಲಿ ಬದುಕುವ ಫ್ರಾಗ್‌ಫಿಶ್‌ಗೆ ಬೆಳಕಿನ ಹಂಗೇ ಇಲ್ಲ. ವಾರ್ಟಿ ಫ್ರಾಗ್‌ಫಿಶ್‌ನ ಎಸ್ಕಾ ಮರಿಮೀನಿನಂತೆಯೇ ಇರುತ್ತದೆ. ಕೋಲು ಅಲುಗಿದಾಗ ಅದು ಈಜಿದಂತೆ ಕಾಣುತ್ತದೆ, ನುಂಗಲು ಬಂದ ಮೀನು ತಾನೇ ಬಾಯಿಗೆ ಬೀಳುತ್ತದೆ.

ತಪ್ಪು ಕಲ್ಪನೆ: ಚಕ್ರಮೊಗ್ಗು ಒಂದು ಮೊಗ್ಗು ಅಥವಾ ಹೂವು.
ಸತ್ಯ: ಅದು ಕಾಯಿ. ದಕ್ಷಿಣ ಚೀನಾ ಮತ್ತು ಉತ್ತರ ವಿಯೆಟ್ನಾಂನಲ್ಲಿ ಬೆಳೆಯುವ ಇಲಿಸಿಯಂ ವೆರಮ್ ಮರದ ಕಾಯಿಗಳನ್ನು ಹಸಿರಾಗಿರುವಾಗಲೇ ಕಿತ್ತು ಒಣಗಿಸುತ್ತಾರೆ. ನಕ್ಷತ್ರದಂತೆ ಹರಡಿದ ಎಸಳುಗಳು, ಸಾಮಾನ್ಯವಾಗಿ 8, ದಳಗಳಲ್ಲ, ಬೀಜಕೋಶಗಳು. ಬಿರಿದ ಪ್ರತಿ ಕೋಶದಲ್ಲೂ ಹೊಳಪಿನ ಕಂದು ಬೀಜವೊಂದು ಕಾಣುತ್ತದೆ.

ತಪ್ಪು ಕಲ್ಪನೆ: ಸೋಂಪಿನ ವಾಸನೆಯಿರುವುದರಿಂದ ಅದು ಸೋಂಪಿನ ಬಳಗ.
ಸತ್ಯ: ಸೋಂಪು ಕೊತ್ತಂಬರಿ, ಜೀರಿಗೆಗಳ ಕುಟುಂಬದ ಗಿಡ, ಚಕ್ರಮೊಗ್ಗಿನ ಮರ ಬೇರೆಯೇ ಕುಟುಂಬದ್ದು. ಎರಡರಲ್ಲೂ ಅನೆಥಾಲ್ ಎಂಬ ಸುಗಂಧ ಸಂಯುಕ್ತ ಇರುವುದರಿಂದ ವಾಸನೆ ಹೋಲುತ್ತದೆ.

ತಪ್ಪು ಕಲ್ಪನೆ: ಚಕ್ರಮೊಗ್ಗಿನ ಕಷಾಯ ಫ್ಲೂ ಜ್ವರಕ್ಕೆ ಮದ್ದು.
ಸತ್ಯ: ಫ್ಲೂ ಔಷಧ ಒಸೆಲ್ಟಾಮಿವಿರ್ ತಯಾರಿಕೆಗೆ ಇದರ ಶಿಕಿಮಿಕ್ ಆಮ್ಲ ಕಚ್ಚಾವಸ್ತು ಹೌದು. ಆದರೆ ಆ ಆಮ್ಲ ಔಷಧವಾಗಲು ಹಲವು ರಾಸಾಯನಿಕ ಹಂತಗಳನ್ನು ದಾಟಬೇಕು. ಕಷಾಯದಲ್ಲಿ ಆ ಔಷಧ ಇರುವುದಿಲ್ಲ.

ತಪ್ಪು ಕಲ್ಪನೆ: ನಕ್ಷತ್ರದಾಕಾರದ್ದೆಲ್ಲ ತಿನ್ನಲು ಯೋಗ್ಯ.
ಸತ್ಯ: ಜಪಾನಿನ ಶಿಕಿಮಿ, ಅಂದರೆ ಇಲಿಸಿಯಂ ಅನಿಸೇಟಮ್, ವಿಷಕಾರಿ. ಅದರಲ್ಲಿರುವ ಅನಿಸಾಟಿನ್ ನರಮಂಡಲಕ್ಕೆ ತಗುಲಿ ಸೆಳವು ತರಿಸುತ್ತದೆ. ಜಪಾನಿನಲ್ಲಿ ಅದು ಧೂಪಕ್ಕೆ ಬಳಕೆಯಾಗುತ್ತದೆ, ಅಡುಗೆಗಲ್ಲ. ಅದರ ಕಾಯಿಯೂ ಚಕ್ರಮೊಗ್ಗೂ ನೋಡಲು ಬಹುತೇಕ ಒಂದೇ. ಪುಡಿಯಾದ ಮೇಲಂತೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ಚಕ್ರಮೊಗ್ಗಿನ ಚಹಾ ಕುಡಿದವರು, ಎಳೆಯ ಮಕ್ಕಳೂ ಸೇರಿ, ಅಸ್ವಸ್ಥರಾದ ಕಾರಣ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2003ರಲ್ಲಿ ಎಚ್ಚರಿಕೆ ನೀಡಿತು. ಹೊಟ್ಟೆನೋವಿಗೆಂದು ಹಸುಗೂಸುಗಳಿಗೆ ಚಕ್ರಮೊಗ್ಗಿನ ನೀರು ಕುಡಿಸಬಾರದು.