ಮಳೆಯ ನಕ್ಷತ್ರಗಳ ಹುಟ್ಟು ಸಾವು

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಅಬಲೂರು, ಸರ್ವಜ್ಞನ ಹೆಸರಿನೊಡನೆಯೂ ಏಕಾಂತದ ರಾಮಯ್ಯನ ಶಾಸನದೊಡನೆಯೂ ಬೆಸೆದುಕೊಂಡಿರುವ ಊರು. ಅಲ್ಲಿಯ ಹಿರಿಯ ರೈತನೊಬ್ಬನನ್ನು ಬಿತ್ತನೆ ಯಾವಾಗ ಎಂದು ಕೇಳಿದರೆ ಆತ ತಿಂಗಳಿಗಿಂತ ಮೊದಲು ಮಳೆಯ ಹೆಸರನ್ನೇ ಹೇಳುತ್ತಾನೆ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ: ಇವು ಮಳೆಗಳ ಹೆಸರುಗಳೂ ಹೌದು, ನಕ್ಷತ್ರಗಳ ಹೆಸರುಗಳೂ ಹೌದು.

ಕಳೆದ ಮಳೆಗಾಲದಲ್ಲಿ ಆ ಕಡೆಯ ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿ ಎದ್ದು ನಿಂತು, “ಆರಿದ್ರಾ ನಕ್ಷತ್ರ ಒಂದು ದಿನ ಸಿಡಿದುಹೋಗುವುದಂತೆ. ಆಮೇಲೆ ಆರಿದ್ರಾ ಮಳೆಯ ಗತಿಯೇನು?” ಎಂದು ಕೇಳಿದನು. ಉಳಿದವರು ನಕ್ಕರು. ಆದರೆ ಪ್ರಶ್ನೆ ನಗುವಂಥದಲ್ಲ. ಅದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ನಕ್ಷತ್ರಗಳ ಜೀವನವೃತ್ತಾಂತವನ್ನೇ ಹೇಳಬೇಕಾಗುತ್ತದೆ.

ಮೇ ತಿಂಗಳ ನಡುವಿನಿಂದ ಜುಲೈ ಆರಂಭದವರೆಗೆ ಸೂರ್ಯನು ಈ ನಕ್ಷತ್ರಗಳ ದಿಕ್ಕಿನಲ್ಲಿಯೇ ಇರುತ್ತಾನೆ. ಮಳೆಗಳಿಗೆ ಆ ಹೆಸರು ಬಂದದ್ದು ಅದರಿಂದಲೇ. ಆದ್ದರಿಂದ ಅವುಗಳ ಹೆಸರು ರೈತನ ಬಾಯಲ್ಲಿರುವ ದಿನಗಳಲ್ಲಿ ಅವು ಹಗಲಿನ ಬೆಳಕಿನಲ್ಲಿ ಮರೆಯಾಗಿರುತ್ತವೆ. ಅವನ್ನು ನೋಡಬೇಕಾದರೆ ಸುಗ್ಗಿಯವರೆಗೆ ಕಾಯಬೇಕು. ಜನವರಿಯ ನಡುವೆ ರಾತ್ರಿ ಎಂಟು ಗಂಟೆಗೆ ಕಣದಲ್ಲಿ ನಿಂತು ತಲೆಯೆತ್ತಿದರೆ ನೆತ್ತಿಯ ಬಳಿ ಕೃತ್ತಿಕೆಯ ಪುಟ್ಟ ಗೊಂಚಲು, ಅದರ ಪೂರ್ವಕ್ಕೆ ಕೆಂಬಣ್ಣದ ರೋಹಿಣಿ, ಮತ್ತೂ ಪೂರ್ವಕ್ಕೆ ನಡುವಿನಲ್ಲಿ ಮೂರು ನಕ್ಷತ್ರಗಳ ಪಟ್ಟಿ ಕಟ್ಟಿದ ಮಹಾವ್ಯಾಧ, ಅವನ ಭುಜದಲ್ಲಿ ಕೆಂಪಾದ ಆರ್ದ್ರೆ, ಆಗ್ನೇಯದಲ್ಲಿ ಥಳಥಳಿಸುವ ಲುಬ್ಧಕ ಕಾಣುತ್ತವೆ. ನಕ್ಷತ್ರದ ಬಾಲ್ಯ, ಯೌವನ, ಮುಪ್ಪು, ಮರಣ ಎಲ್ಲವೂ ಈ ಒಂದೇ ನೋಟದಲ್ಲಿ ಅಡಗಿವೆ.

ಮಹಾವ್ಯಾಧನ ಪಟ್ಟಿಯ ಕೆಳಗೆ ಮಂಜಿನಂತೆ ಮಸುಕಾದ ಚುಕ್ಕೆಯೊಂದಿದೆ. ಅದು ಸುಮಾರು 1,350 ಜ್ಯೋತಿರ್ವರ್ಷ ದೂರದ ನೀಹಾರಿಕೆ, ನಕ್ಷತ್ರಗಳ ತೊಟ್ಟಿಲು. ಅಲ್ಲಿ ಅನಿಲ ಮತ್ತು ಧೂಳು ಗುರುತ್ವಾಕರ್ಷಣೆಯಿಂದ ಒಟ್ಟುಗೂಡಿ ಕುಗ್ಗುತ್ತವೆ. ಕುಗ್ಗಿದಂತೆ ಒಡಲು ಕಾಯುತ್ತದೆ. ಉಷ್ಣತೆ ಸಾಕಷ್ಟು ಏರಿದಾಗ ನಾಲ್ಕು ಜಲಜನಕ ಬೀಜಗಳು ಕೂಡಿ ಒಂದು ಹೀಲಿಯಂ ಬೀಜವಾಗುವ ಕ್ರಿಯೆ ಮೊದಲಾಗುತ್ತದೆ. ಈ ಕೂಟದಲ್ಲಿ ಕಳೆದುಹೋಗುವ ಅಲ್ಪ ದ್ರವ್ಯವೇ ಬೆಳಕಾಗಿ ಹೊರಬರುತ್ತದೆ. ಒಳಕ್ಕೆ ಎಳೆಯುವ ಗುರುತ್ವಕ್ಕೂ ಹೊರಕ್ಕೆ ತಳ್ಳುವ ಒತ್ತಡಕ್ಕೂ ಸಮತೋಲ ಏರ್ಪಟ್ಟರೆ ನಕ್ಷತ್ರ ಹುಟ್ಟಿತೆಂದು ಅರ್ಥ. ಕೃತ್ತಿಕೆಯ ನಕ್ಷತ್ರಗಳು ಹೀಗೆ ಒಂದೇ ಮೋಡದಲ್ಲಿ ಜನಿಸಿದ ಸೋದರಿಯರು. ಅವುಗಳ ವಯಸ್ಸು ಸುಮಾರು ಹತ್ತು ಕೋಟಿ ವರ್ಷ; 460 ಕೋಟಿ ವರ್ಷದ ನಮ್ಮ ಸೂರ್ಯನ ಮುಂದೆ ಅವು ಇನ್ನೂ ಎಳೆಯವು.

ಹುಟ್ಟಿದ ನಕ್ಷತ್ರ ಎಷ್ಟು ಕಾಲ ಬಾಳುತ್ತದೆ? ಇದನ್ನು ನಿರ್ಧರಿಸುವುದು ಮುಖ್ಯವಾಗಿ ಅದರ ದ್ರವ್ಯರಾಶಿ. ಹೆಚ್ಚು ಇಂಧನವಿದ್ದ ನಕ್ಷತ್ರವೇ ಹೆಚ್ಚು ಕಾಲ ಉರಿಯಬೇಕೆಂದು ನಾವು ಎಣಿಸುತ್ತೇವೆ. ನಡೆಯುವುದು ಅದಕ್ಕೆ ವಿರುದ್ಧ. ದ್ರವ್ಯ ಹೆಚ್ಚಿದಷ್ಟೂ ಒಡಲಿನ ಉಷ್ಣತೆ ಹೆಚ್ಚಿ, ಉರಿ ವಿಪರೀತವಾಗುತ್ತದೆ. ಸೂರ್ಯನ ಹತ್ತರಷ್ಟು ದ್ರವ್ಯವುಳ್ಳ ನಕ್ಷತ್ರವು ಇಂಧನವನ್ನು ಸಾವಿರಾರು ಪಟ್ಟು ವೇಗವಾಗಿ ಖರ್ಚುಮಾಡುತ್ತದೆ. ದೊಡ್ಡ ಆಸ್ತಿಯ ದುಂದುಗಾರನು ಬೇಗ ದಿವಾಳಿಯಾಗುವಂತೆ, ಅದು ಕೆಲವೇ ಕೋಟಿ ವರ್ಷಗಳಲ್ಲಿ ಬರಿದಾಗುತ್ತದೆ. ನಮ್ಮ ಸೂರ್ಯನು ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕವನ್ನು ಹೀಲಿಯಂ ಮಾಡುತ್ತಿದ್ದರೂ, ಅವನ ಬಂಡವಾಳಕ್ಕೆ ಹೋಲಿಸಿದರೆ ಮಿತವ್ಯಯಿಯೇ. ಇನ್ನು ಸುಮಾರು 500 ಕೋಟಿ ವರ್ಷಗಳಿಗೆ ಸಾಕಾಗುವಷ್ಟು ಇಂಧನ ಅವನ ಒಡಲಿನಲ್ಲಿ ಉಳಿದಿದೆ.

ಆ ಇಂಧನ ತೀರಿದ ಮೇಲೆ ಆಗುವುದನ್ನು ರೋಹಿಣಿ ಈಗಲೇ ತೋರಿಸುತ್ತಿದೆ. ಅದರ ದ್ರವ್ಯ ಸೂರ್ಯನಿಗಿಂತ ಬಹಳ ಹೆಚ್ಚಿನದಲ್ಲ. ಆದರೆ ವ್ಯಾಸ ಸುಮಾರು 44 ಪಟ್ಟು. ಗರ್ಭದ ಜಲಜನಕ ಮುಗಿದು, ಗರ್ಭ ಕುಗ್ಗಿ, ಹೊರಪದರಗಳು ಉಬ್ಬಿ ತಣಿದು ಕೆಂಪಾಗಿವೆ. ಇದನ್ನೇ ಕೆಂಪು ದೈತ್ಯ ಎನ್ನುತ್ತಾರೆ. ಇಂಥ ನಕ್ಷತ್ರ ಕೊನೆಗೆ ಹೊರಪದರಗಳನ್ನು ಆಕಾಶಕ್ಕೆ ಚೆಲ್ಲುತ್ತದೆ. ಉಳಿಯುವುದು ಭೂಮಿಯಷ್ಟೇ ಗಾತ್ರದ ಬಿಸಿ ತಿರುಳು, ಶ್ವೇತಕುಬ್ಜ. ಲುಬ್ಧಕಕ್ಕೆ ಅಂಥ ಒಬ್ಬ ಜೊತೆಗಾರನಿರುವುದು 1862ರಲ್ಲಿ ದೂರದರ್ಶಕದಿಂದ ತಿಳಿದುಬಂದಿತು. ಜೋಡಿಯಲ್ಲಿ ಮೊದಲು ಹೆಚ್ಚು ಭಾರವಾಗಿದ್ದುದು ಅದೇ. ಆದ್ದರಿಂದಲೇ ಮೊದಲು ಮುಪ್ಪಾದದ್ದೂ ಅದೇ.

ಎಲ್ಲ ನಕ್ಷತ್ರಗಳಿಗೂ ಇಂಥ ಶಾಂತವಾದ ಅಂತ್ಯವಿಲ್ಲ. 1930ರಲ್ಲಿ, ಹತ್ತೊಂಬತ್ತರ ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಕುಳಿತು ಲೆಕ್ಕ ಹಾಕತೊಡಗಿದರು. ಶ್ವೇತಕುಬ್ಜದ ದ್ರವ್ಯಕ್ಕೆ ಒಂದು ಮೇರೆಯುಂಟೆಂಬುದು ಆ ಲೆಕ್ಕದಿಂದ ಹೊರಪಟ್ಟಿತು. ಇಂದು ಆ ಮೇರೆಯನ್ನು ಸೂರ್ಯನ ಸುಮಾರು 1.4 ಪಟ್ಟು ಎಂದು ಅಂಗೀಕರಿಸಲಾಗಿದೆ. ಅವರಿಗೆ ನೊಬೆಲ್ ಬಹುಮಾನ ಬಂದುದು 1983ರಲ್ಲಿ.

ಆರ್ದ್ರೆಯ ತಿರುಳು ಈ ಮೇರೆಯನ್ನು ದಾಟುವಂಥದು. ಸೂರ್ಯನ ಸ್ಥಾನದಲ್ಲಿ ಅದನ್ನಿಟ್ಟರೆ ಮಂಗಳನ ಕಕ್ಷೆಯೂ ಅದರ ಒಡಲೊಳಗೆ ಸೇರಿಹೋದೀತು. ಅದರ ವಯಸ್ಸು ಸುಮಾರು ಒಂದು ಕೋಟಿ ವರ್ಷ ಮಾತ್ರ, ಆದರೂ ಮುದಿಯಾಗಿದೆ. ಇಂಥ ನಕ್ಷತ್ರದ ಗರ್ಭದಲ್ಲಿ ಹೀಲಿಯಂ ಇಂಗಾಲವಾಗಿ, ಅನಂತರ ಆಮ್ಲಜನಕ, ಸಿಲಿಕಾನ್ ಮೊದಲಾದವು ಹುಟ್ಟಿ, ಕೊನೆಗೆ ಕಬ್ಬಿಣವುಂಟಾಗುತ್ತದೆ. ಕಬ್ಬಿಣದ ಬೀಜಗಳನ್ನು ಕೂಡಿಸಿದರೆ ಶಕ್ತಿ ದೊರೆಯುವುದಿಲ್ಲ. ಒಲೆ ಆರಿತು, ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಗರ್ಭ ಕುಸಿದು, ಹೊರಗಿನ ಭಾಗ ಸಿಡಿಯುತ್ತದೆ. ಇದೇ ಸೂಪರ್‌ನೋವಾ.

ಅಂಥ ಒಂದು ಸಿಡಿತವನ್ನು ಚೀನಾದ ಜ್ಯೋತಿಷಿಗಳು 1054ರ ಜುಲೈ 4ರಂದು ದಾಖಲಿಸಿದರು. ಅದು ಕಂಡುದು ರೋಹಿಣಿಯ ವೃಷಭರಾಶಿಯಲ್ಲಿಯೇ, ಗೂಳಿಯ ಕೊಂಬಿನ ತುದಿಯ ಬಳಿ. 23 ದಿನ ಹಗಲಿನಲ್ಲಿಯೂ, ಹೆಚ್ಚುಕಡಿಮೆ ಎರಡು ವರ್ಷ ರಾತ್ರಿಯಲ್ಲಿಯೂ ಅದು ಕಾಣಿಸಿತು. ಆಗ ನಮ್ಮ ನಾಡನ್ನು ಆಳುತ್ತಿದ್ದವನು ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರ. ಜುಲೈ ತಿಂಗಳ ಮೋಡ ಮರೆಮಾಡಿದ್ದರೂ, ಮುಂದಿನ ಚಳಿಗಾಲದ ತಿಳಿಯಾದ ಆಕಾಶದಲ್ಲಿ ಅದು ಈ ಸೀಮೆಯವರ ಬರಿಗಣ್ಣಿಗೂ ಎಟುಕುವಂತಿತ್ತು. ಇಂದು ಅಲ್ಲಿ ಏಡಿ ನೀಹಾರಿಕೆಯಿದೆ. ಅದರ ನಡುವೆ ಸುಮಾರು ಇಪ್ಪತ್ತು ಕಿಲೋಮೀಟರ್ ಅಗಲದ ನ್ಯೂಟ್ರಾನ್ ನಕ್ಷತ್ರ ಸೆಕೆಂಡಿಗೆ 30 ಸುತ್ತು ತಿರುಗುತ್ತಿದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹ ಅದರ ಕ್ಷ-ಕಿರಣಗಳನ್ನು ಪರೀಕ್ಷಿಸಿದೆ.

2019ರ ಕೊನೆಯಲ್ಲಿ ಆರ್ದ್ರೆ ಇದ್ದಕ್ಕಿದ್ದಂತೆ ಮಂಕಾದಾಗ ಅದರ ಗಳಿಗೆ ಬಂದಿತೆಂದು ಹಲವರು ಭಾವಿಸಿದರು. ಅದು ತಾನೇ ಉಗುಳಿದ ಅನಿಲ ತಣಿದು ಧೂಳಾಗಿ ಬೆಳಕನ್ನು ಮರೆಮಾಡಿತ್ತೆಂದು ಬಳಿಕ ತಿಳಿಯಿತು. ಅದು ನಾಳೆ ಸಿಡಿಯಬಹುದು. ಒಂದು ಲಕ್ಷ ವರ್ಷ ತಡೆದರೂ ತಡೆಯಬಹುದು.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಆರ್ದ್ರೆ ಅಳಿದರೂ ಆರಿದ್ರಾ ಮಳೆ ನಿಲ್ಲದು. ನಕ್ಷತ್ರ ಮಳೆಯನ್ನು ಸುರಿಸುವುದಿಲ್ಲ. ಅದು ಕಾಲವನ್ನು ಗುರುತಿಸುವ ಮೈಲಿಗಲ್ಲು ಮಾತ್ರ. ನೆಲವನ್ನು ಕಾಯಿಸಿ, ಅರಬ್ಬೀ ಸಮುದ್ರದಿಂದ ನೀರಾವಿಯನ್ನು ಬರಮಾಡಿಕೊಳ್ಳುವವನು ಸೂರ್ಯ. ಅವನೂ ಆರ್ದ್ರೆಯಂತೆ ದುಂದುಗಾರನಾಗಿದ್ದರೆ? ಭೂಮಿಯ ಮೇಲೆ ಜೀವ ಬೆಳೆದು ಮನುಷ್ಯನಾಗಲು ನೂರಾರು ಕೋಟಿ ವರ್ಷ ಬೇಕಾಯಿತು. ಒಂದು ಕೋಟಿ ವರ್ಷದಲ್ಲಿ ಮುಗಿಯುವ ಸೂರ್ಯನ ಬಳಿ ಪಾಚಿಗೂ ಅವಕಾಶ ದೊರೆಯುತ್ತಿರಲಿಲ್ಲ. ಆದರೆ ದುಂದುಗಾರರ ಋಣವೂ ನಮ್ಮ ಮೇಲಿದೆ. ನೇಗಿಲಿನ ಗುಳದ ಕಬ್ಬಿಣ, ಉಸಿರಿನ ಆಮ್ಲಜನಕ, ಎಲುಬಿನ ಸುಣ್ಣ ಇವೆಲ್ಲ ಸೂರ್ಯನಿಗಿಂತ ಮೊದಲು ಬಾಳಿ ಸಿಡಿದ ನಕ್ಷತ್ರಗಳ ಕೊಡುಗೆ.

ಮಿತವ್ಯಯಿ ನಮಗೆ ಕಾಲವನ್ನು ಕೊಟ್ಟನು. ದುಂದುಗಾರರು ದ್ರವ್ಯವನ್ನು ಕೊಟ್ಟರು. ಎರಡರಲ್ಲಿ ಒಂದು ತಪ್ಪಿದ್ದರೂ ಅಬಲೂರಿನ ಹೊಲವೂ ಇಲ್ಲ, ಬಿತ್ತುವ ಕೈಯೂ ಇಲ್ಲ. ಬರುವ ಸುಗ್ಗಿಯಲ್ಲಿ ಕಣಕ್ಕೆ ಹೋದಾಗ ಒಂದು ಗಳಿಗೆ ದೀಪ ಆರಿಸಿ ಮೇಲೆ ನೋಡಿರಿ. ಮಳೆಗಾಲದಲ್ಲಿ ಹೆಸರಾಗಿ ಮಾತ್ರ ಕೇಳಿದವರನ್ನು ಆಗ ಎದುರಿಗೇ ಕಾಣಬಹುದು.